ಎಡದ ಕಾಂಟಾ

ಆಗೆಲ್ಲ ನಾಗಪುರದ ಬೇಸಿಗೆ ನಮ್ಮ ಮನೆಗೆ ಕೂಲರಿನೊಳಗಿಂದ ಬರುತ್ತಿತ್ತು. ಏಪ್ರಿಲ್ ಹಿಡಿಯುತ್ತಲೇ ಅವ್ವ ಅದರ ಮೂರು ಬದಿಗೂ ಹೊಸ ಹುಲ್ಲು ತುಂಬಿಸಿ ನೀರು ಬಿಡುವಳು. ಅಜನಿಯ ಆ ರೈಲ್ವೆ ಕ್ವಾರ್ಟರ್ಸಿನ ಎರಡೂ ಕೋಣೆಗಳಿಗೆ ಲಾವಂಚದ ವಾಸನೆ ಹಬ್ಬುತ್ತಿತ್ತು. ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಬೈಗುಳ ಖಾತ್ರಿ. ತಣ್ಣನೆಯ ಕಲ್ಲಿನ ಫರಸಿಯ ಮೇಲೆ ಹೊಟ್ಟೆ ಹಚ್ಚಿ ಮಲಗಿ ಆಡಿದವರಿಗೆ ಆ ಸುಖವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದರು, ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು. ನಾನು ಐದನೆಯ ಇಯತ್ತೆ ಪಾಸಾದದ್ದಕ್ಕೆ ಒಂದು ಆಟಿಗೆಯ ರೈಲು ತಂದುಕೊಟ್ಟಿದ್ದರು. ಸೆಲ್ ಹಾಕಿದರೆ ಓಡುವ ನೀಲಿ ಎಂಜಿನ್, ಮೂರು ಡಬ್ಬಿ, ಮೊಟ್ಟೆಯಾಕಾರದ ಹಳಿ. ಅದನ್ನು ನೋಡಿದ ಪಕ್ಕದ ಮನೆಯ ಶುಭಾಂಗಿ ಎರಡು ದಿನ ಉಪವಾಸದ ನಾಟಕ ಮಾಡಿ ಅಂಥದ್ದೇ ಕೆಂಪು ಎಂಜಿನ್ ತರಿಸಿಕೊಂಡಳು. ಅಲ್ಲಿಂದ ಶುರುವಾಯಿತು ಜಗಳ. ಹಳಿ ಒಂದು, ಗಾಡಿ ಎರಡು. ಅವಳ ಎಂಜಿನ್ ಬಲು ಜೋರು. ನನ್ನದನ್ನು ಹಿಂದಿನಿಂದ ಬಂದು ಗುದ್ದುತ್ತಿತ್ತು.

“ಮಾಝೀ ಗಾಡಿ ಆಧೀ!” ನನ್ನ ಗಾಡಿ ಮೊದಲು ಎಂದು ಅವಳು. “ಮನಿ ನಮ್ಮದು, ಹಳಿ ನಮ್ಮದು!” ಎಂದು ನಾನು. ಸಿಟ್ಟು ಬಂದಾಗ ಇಬ್ಬರಿಗೂ ಅವರವರ ಭಾಷೆಯೇ ಬಾಯಿಗೆ ಬರುತ್ತಿತ್ತು.

ಗಲಾಟೆ ತಾಳಲಾರದೆ ಅಪ್ಪ ಒಂದು ಕಾಂಟಾ ತಂದರು. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗಕ್ಕೆ ಅಲ್ಲಿನ ರೈಲ್ವೆಯವರು ಕಾಂಟಾ ಎನ್ನುತ್ತಿದ್ದರು. ಇದು ಬಲಕ್ಕೆ ಹೊರಳುವ ಕಾಂಟಾ. ಅದಕ್ಕೆ ಜೋಡಿಸಿದ ಕವಲು ಹಳಿ ವೃತ್ತದ ಒಳಗೆ ಹೋಗಿ ಅಲ್ಲೇ ಮುಗಿಯುತ್ತಿತ್ತು. ಗಾಡಿಯೇನೋ ಚಂದವಾಗಿ ಒಳಗೆ ಹೋಗುತ್ತಿತ್ತು. ಆದರೆ ನಮ್ಮ ಎಂಜಿನ್ನುಗಳಿಗೆ ಹಿಂದಕ್ಕೆ ಓಡಲು ಬರುತ್ತಿರಲಿಲ್ಲ. ಕೈಯಿಂದ ಎತ್ತಿಯೇ ಹೊರಗೆ ತರಬೇಕು. ಕೈ ಹಚ್ಚಿದರೆ ಅದು ಅಪಘಾತ ಎಂಬುದು ಶುಭಾಂಗಿಯ ಕಾನೂನು.

“ಇನ್ನೊಂದು ಕಾಂಟಾ ಹಾಕಿ ಲೂಪ್ ಮಾಡೂಣು ತಡಿ,” ಎಂದರು ಅಪ್ಪ. “ಒಂದು ಗಾಡಿ ಲೂಪಿನ್ಯಾಗ ನಿಲ್ಲತೈತಿ, ಇನ್ನೊಂದು ಪಾಸಾಗತೈತಿ. ಆದರ ಈ ಸಲ ಎಡದ್ದು ಬೇಕು. ಎರಡೂ ಬಲಗೈಲೆ ಬೊಗಸಿ ಮಾಡಾಕ ಬರತೈತೇನು?”

ಅಷ್ಟರಲ್ಲಿ ಶುಭಾಂಗಿಯ ಅಪ್ಪನಿಗೆ ಭುಸಾವಳಕ್ಕೆ ವರ್ಗವಾಯಿತು. ರವಿವಾರ ಲಾರಿ ಬರುವುದಿತ್ತು. ಮೊದಲ ಸಲ ನಾವು ಜಗಳ ಬಿಟ್ಟು ಒಂದು ಮಾತಿಗೆ ಬಂದೆವು: ಅವಳು ಹೋಗುವುದರೊಳಗೆ ಕೈ ಹಚ್ಚದೆ ಒಮ್ಮೆಯಾದರೂ ಎರಡೂ ಗಾಡಿ ಓಡಿಸಬೇಕು. ಆ ವಾರ ನನಗೆ ಬೇರೇನೂ ಬೇಡವಾಗಿತ್ತು.

ಅಪ್ಪನಿಗೆ ಡ್ಯೂಟಿ. ಶನಿವಾರ ಅವ್ವನ ಜೊತೆ ನಾನೇ ಕಾಂಟಾ ತರಲು ಸೀತಾಬರ್ಡಿ ಪೇಟೆಗೆ ಹೊರಟೆ. ಹೊರಡುವಾಗ ಅಪ್ಪ ಕೈಗೆ ಒಂದು ತುಂಡು ಹಳಿ ಕೊಟ್ಟರು. “ಇದಕ್ಕ ಬರೋಬರ್ ಕೂಡತೈತೋ ಇಲ್ಲೋ ನೋಡೇ ತಗೋ. ಗಕ್ಕನ ತಿರುಗೋದು ಬ್ಯಾಡ, ಡಬ್ಬಿ ಬೀಳತಾವು. ಉದ್ದಂದು, ಸಾವಕಾಶ ತಿರುಗೋದು ತಗೋ. ಮತ್ತ ಎಡದ್ದು, ನೆನಪಿರಲಿ.”

ದಾರಿಯುದ್ದಕ್ಕೂ ಎಡ, ಎಡ ಎಂದು ಜಪಿಸುತ್ತ ಹೋದೆ. ಅಂಗಡಿಯ ಅಜ್ಜ ಹಿಂದಿಯವರು. ನಾನು ಹಳಿ ಜೋಡಿಸಿ ನೋಡಿದೆ, ಗಕ್ಕನೆ ತಿರುಗುವುದನ್ನು ದೊಡ್ಡವಳ ಹಾಗೆ ಬದಿಗಿಟ್ಟೆ. ಅವ್ವ ಹೆಮ್ಮೆಯಿಂದ ನೋಡುತ್ತಿದ್ದಳು. “ಲಂಬಾವಾಲಾ, ಕೌನ್ಸಾ?” ಎಂದರು ಅಜ್ಜ. ಉದ್ದನೆಯದರಲ್ಲಿ ಯಾವುದು ಎಂದು. ನಾನು ಶಾಲೆಯ ಕವಾಯತಿನಲ್ಲಿ ಕಲಿತ ಮರಾಠಿಯಲ್ಲಿ ಠೀಕಾಗಿ ಹೇಳಿದೆ: “ಡಾವಾ.”

ಮರಾಠಿಯಲ್ಲಿ ಡಾವಾ ಎಂದರೆ ಎಡ. ಹಿಂದಿಯಲ್ಲಿ ದಾಯಾ ಎಂದರೆ ಬಲ. ಹೊರಗೆ ಆಟೋಗಳ ಹಾರ್ನು, ಒಳಗೆ ಫ್ಯಾನಿನ ಸದ್ದು. ಅಜ್ಜ ತಮ್ಮ ಕಿವಿಗೆ ಬಿದ್ದದ್ದನ್ನೇ ಕಟ್ಟಿಕೊಟ್ಟರು, ಅಂಥದ್ದು ಇದೊಂದೇ ಉಳಿದಿತ್ತು ಎಂದೂ ಹೇಳಿದರು.

ಮನೆಗೆ ಬಂದು ಪೊಟ್ಟಣ ಬಿಚ್ಚಿ ನೋಡಿದರೆ ಇದೂ ಬಲದ್ದೇ. ಹೇಗೆ ತಿರುವಿಟ್ಟರೂ ಲೂಪ್ ಕೂಡಲೊಲ್ಲದು. ಒಂದು ಒಳಗೆ ಹೋದರೆ ಇನ್ನೊಂದು ಹೊರಗೆ ಓಡುತ್ತಿತ್ತು. ಕೆಂಪು ಎಂಜಿನ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಶುಭಾಂಗಿ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಮತ್ತೆ ಪೇಟೆಗೆ ಹೋಗಿ ಬದಲಿಸಲು ಹೊತ್ತಿರಲಿಲ್ಲ. ನಾನು ಜೋರಾಗಿ ಅತ್ತುಬಿಟ್ಟೆ.

ಸಂಜೆ ಅಪ್ಪ ಬಂದರು. ನಡೆದದ್ದನ್ನೆಲ್ಲ ಕೇಳಿ, ನಕ್ಕು, ಅವ್ವ ಕೊಟ್ಟ ಒಗ್ಗರಣೆ ಚುರಮುರಿಯ ತಾಟನ್ನು ಬದಿಗಿಟ್ಟು ನೆಲಕ್ಕೆ ಕೂತರು. ಹೊರಗೆ ಓಡುವ ಕವಲನ್ನು ಮಂಚದ ಕೆಳಗೆ ಹಾಯಿಸಿದರು.

“ಲೂಪ್ ಆಗಲಿಲ್ಲ ಬಿಡು. ಇದು ಜಂಕ್ಷನ್ ಆತು. ಒಳಗಿಂದು ಹುಬ್ಬಳ್ಳಿ, ಮಂಚದ ಬುಡಕಿಂದು ಭುಸಾವಳ. ಶುಭಾಂಗಿ, ತೂ ಭುಸಾವಳಲಾ ಬಸ್. ವಿದ್ಯಾ, ನೀ ಗಾಡಿ ಬಿಡು.” ಶುಭಾಂಗಿ ಕೆಂಪು ಎಂಜಿನ್ ಹಿಡಿದು ಮಂಚದ ಕೆಳಗೆ ನುಸುಳಿ ಭುಸಾವಳದಲ್ಲಿ ಕೂತಳು.

ಬಿಟ್ಟೆ. ನೀಲಿ ಗಾಡಿ ಒಂದು ಸುತ್ತು ಹಾಕಿ, ಮೊದಲ ಕಾಂಟಾದಲ್ಲಿ ಹೊರಳಿ ಹುಬ್ಬಳ್ಳಿಗೆ ಹೋಗಿ ಹಳಿಯ ಕೊನೆಯ ತಡೆಗೆ ತಾಗಿ ನಿಂತಿತು. ಅಪ್ಪ ಎರಡೂ ಕಾಂಟಾದ ಹಿಡಿಕೆ ತಿರುವಿ ಸೀಟಿ ಊದಿದರು. ಮಂಚದ ಕತ್ತಲಿನಿಂದ ಕೆಂಪು ಎಂಜಿನ್ ಗುರ್ರೆನ್ನುತ್ತ ಮುಖ್ಯ ಹಳಿಗೆ ಬಂದು, ನನ್ನ ಗಾಡಿಯ ಪಕ್ಕದಲ್ಲೇ ಹಾದು ಸುತ್ತತೊಡಗಿತು. ಯಾರೂ ಕೈ ಹಚ್ಚಿರಲಿಲ್ಲ, ಯಾರೂ ಯಾರನ್ನೂ ಗುದ್ದಿರಲಿಲ್ಲ. ಹುಬ್ಬಳ್ಳಿ ಸೇರಿದ ಗಾಡಿ ತಾನಾಗಿ ಹೊರಬರದು, ಹೀಗಾಗಿ ಆ ಜೋಡಣೆಯಲ್ಲಿ ಇದು ಒಂದೇ ಸಲ ಆಗಲು ಸಾಧ್ಯ. ನಮಗೆ ಬೇಕಾದದ್ದೂ ಒಂದೇ ಸಲ. ಇಬ್ಬರೂ ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು.

ಮರುದಿನ ಲಾರಿ ಹೊರಡುವಾಗ ಒಂದು ಕಾಂಟಾ ಅವಳ ಕೈಯಲ್ಲಿತ್ತು, ಒಂದು ನನ್ನಲ್ಲಿ ಉಳಿಯಿತು.

ಈಗ ಆ ಕ್ವಾರ್ಟರ್ಸೂ ಇಲ್ಲ, ಆ ಅಂಗಡಿಯೂ ಇಲ್ಲ. ಅಪ್ಪ ಹೋಗಿಯೂ ಮೂರು ಬೇಸಿಗೆ ಆಯಿತು. ನನ್ನ ಮಗಳು ತನ್ನ ಹೊಸ ರೈಲಿಗೆಂದು ಮೊಬೈಲಿನಲ್ಲಿ ಬಾಣದ ಗುರುತು ನೋಡಿ ಎಡದ ಕಾಂಟಾ ತರಿಸಿಕೊಂಡಳು. ಎರಡೇ ದಿನಕ್ಕೆ ಬಂತು, ತಪ್ಪಿಲ್ಲದೆ. ಯಾರಿಗೂ ಏನೂ ಹೇಳಬೇಕಾಗಲಿಲ್ಲ, ಆದ್ದರಿಂದ ಯಾರೂ ತಪ್ಪಾಗಿ ಕೇಳಿಸಿಕೊಳ್ಳಲೂ ಇಲ್ಲ. ನನಗೇಕೋ ಅದು ಸ್ವಲ್ಪ ಬಡತನವೆನಿಸಿತು.

ಆದರೆ ಲೂಪಿಗೆ ಬಲದ್ದೂ ಒಂದು ಬೇಕು. ನನ್ನ ಹಳೆಯ ಕಾಂಟಾ ಹೊಸ ಹಳಿಗೆ ಕೂಡಲಿಲ್ಲ, ಅದರ ಕೊಂಡಿ ಮುರಿದಿದೆ. ಬರುವ ವಾರ ಶುಭಾಂಗಿ ಮಗನನ್ನು ಕರೆದುಕೊಂಡು ರಜೆಗೆ ನಮ್ಮನೆಗೆ ಬರುತ್ತಿದ್ದಾಳೆ. ನಿನ್ನೆ ಫೋನಿನಲ್ಲಿ ಹೇಳಿದೆ, ನಿನ್ನ ಹತ್ತಿರ ಇರುವ ಕಾಂಟಾ ತಾರೇ, ಈ ಸಲ ಲೂಪ್ ಕೂಡುತ್ತದೆ ಎಂದು. ಅತ್ತ ಕಡೆಯಿಂದ ಅವಳ ಹಳೆಯ ನಗು.

“ಕೋಣತಾ ಗ? ಡಾವಾ ಕೀ ದಾಯಾ?” ಯಾವುದೇ, ಎಡದ್ದೋ ಬಲದ್ದೋ ಎಂದು.

“ಯಾವುದಾರ ಇರಲಿ,” ಎಂದೆ. ಕನ್ನಡದಲ್ಲೇ ಬಾಯಿಗೆ ಬಂತು. “ಜಲ್ದಿ ಬಾ.”