ಸೀಟು ಏರಿತು, ಸೊಕ್ಕೂ ಏರಿತೇ?

ಕಳೆದ ಸೋಮವಾರ ರಾವೂರಿನಲ್ಲಿ ನನ್ನ ಗುರುಗಳು ಎದುರಿಗೆ ಬಂದರು. ನಾನು ನಿಲ್ಲಲಿಲ್ಲ. ಗಂಟೆ ಬಾರಿಸಿ, ತಲೆಯಾಡಿಸಿ ಮುಂದೆ ಹೋದೆ.

ಕಾರಣ? ಸೈಕಲ್ ಸೀಟು!

ಚಿತ್ತಾಪುರದಿಂದ ರಾವೂರಿನ ಶಾಲೆಗೆ ಈಗ ನನ್ನದು ಸೈಕಲ್ ಸವಾರಿ (ಶುಗರ್ ಬಂದಿದೆ, ಬೇರೆ ಆದರ್ಶವೇನೂ ಇಲ್ಲ). ಮನೆಯಲ್ಲಿ ಹಳೆಯ ಗೇರ್ ಸೈಕಲ್ ಬಿದ್ದಿತ್ತು. ಗುಡ್ಡ ಹತ್ತಲೆಂದೇ ಮಾಡಿದ್ದು. ನಮ್ಮ ದಾರಿಯಲ್ಲಿ ಗುಡ್ಡ ಎಲ್ಲಿದೆ? (ಗುಡ್ಡಗಾಡಿನ ಚಿಂಚೋಳಿಯವರು ಕ್ಷಮಿಸಬೇಕು.) ದಪ್ಪ ಹಲ್ಲಿನ ಟೈರು ತೆಗೆಸಿ, ಸಣ್ಣ ನುಣುಪು ಟೈರು ಹಾಕಿಸಿದೆ. ಡಾಂಬರ್ ಮೇಲೆ ಸೈಕಲ್ ಸಲೀಸಾಗಿ ಓಡಿತು. ತಿಂಗಳೊಳಗೆ ನನ್ನ ಮೊಣಕಾಲು ಹಿಡಿಯಿತು.

ಸೈಕಲ್ ಮಿಸ್ತ್ರಿ ಮಹಬೂಬ್ ಸಾಬ್ ನನ್ನನ್ನು ಹತ್ತಿಸಿ ನೋಡಿದರು. "ಸರ್, ಸೀಟ್ ಇಷ್ಟ್ ಕೆಳಗ ಇಟ್ಟೀರಿ, ಮೊಣಕಾಲ್ ಎದಿಗಿ ಬರಾಕತ್ತಾವ. ನೋಯದೆ ಏನ್ ಮಾಡ್ತಾವ್ರಿ?"

"ಕಾಲ್ ನೆಲಕ್ಕ ಹತ್ತಬೇಕಲ್ರಿ?"

"ಪೆಡಲ್ ಕೆಳಗ ಹೋದಾಗ ಕಾಲ್ ನೆಟ್ಟಗಾಗಬೇಕ್ರಿ. ನೆಲದ ಚಿಂತಿ ಬಿಡ್ರಿ."

ಸೀಟು ನಾಲ್ಕು ಬೆರಳು ಏರಿತು. ಕೈ ಜೋಮು ಹಿಡಿಯಬಾರದೆಂದು ಹ್ಯಾಂಡಲನ್ನೂ ತುಸು ಎತ್ತಿದರು. ನೋವು ಹೋಯಿತು.

ಆದರೆ ನಮ್ಮ ಕಡೆ ಹಿರಿಯರು ಎದುರಾದರೆ ಸೈಕಲ್ ನಿಲ್ಲಿಸಬೇಕು. ಸೈಕಲ್ಲಿರಲಿ, ಬೈಕಿರಲಿ, ಮೂವತ್ತು ವರ್ಷದಿಂದ ನನ್ನದು ಒಂದೇ ಪದ್ಧತಿ. ಸೀಟಿನ ಮೇಲೆಯೇ ಕೂತು, ಒಂದು ಕಾಲು ಊರಿ, "ನಮಸ್ಕಾರ್ರಿ ಸರ್" ಅನ್ನುವುದು. ಈಗ ಕಾಲು ಎಟುಕಬೇಕಲ್ಲ!

ಮಂಗಳವಾರ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಸುದ್ದಿ ಮುಟ್ಟಿಸಿದರು. "ಗೇರ್ ಸೈಕಲ್ ಬಂದ ಮ್ಯಾಲ ಅವಗ ನಾವು ಕಾಣಂಗಿಲ್ಲ" ಅಂದರಂತೆ ಗುರುಗಳು. ಭಾಳ ಚುಚ್ಚಿತು. ನನಗೆ ಅಕ್ಷರ ತಿದ್ದಿಸಿದವರು. ನೌಕರಿಯ ಅರ್ಜಿಯನ್ನೂ ಅವರೇ ತಿದ್ದಿದ್ದರು.

ಬುಧವಾರ ಅವರನ್ನು ದೂರದಿಂದಲೇ ಕಂಡೆ. ಬ್ರೇಕ್ ಹಿಡಿದೆ. ಸೀಟಿನಿಂದ ಪೂರ್ತಿ ಕೆಳಗಿಳಿದು, ಸೈಕಲ್ ಪಕ್ಕಕ್ಕೆ ನಿಲ್ಲಿಸಿ, ಎರಡೂ ಕೈ ಮುಗಿದೆ. ಸೀಟು ಏರಿಸಿದ ಕಥೆಯನ್ನೆಲ್ಲ ಒಪ್ಪಿಸಿ ಕ್ಷಮೆ ಕೇಳಿದೆ.

ಗುರುಗಳು ನನ್ನನ್ನು ನೋಡಿದರು. ಸೀಟು ನೋಡಿದರು. ಮೆಲ್ಲಗೆ ನಕ್ಕರು.

"ಏರಿಸಿದ್ದು ಛಲೋನೇ ಆತು ಬಿಡು. ಇಷ್ಟು ವರ್ಷದಾಗ ಇವತ್ತೇ ನೋಡು ನೀ ಇಳದದ್ದು."

ಮೊಣಕಾಲು ಈಗ ಸರಿಯಿದೆ. ಮೂವತ್ತು ವರ್ಷದ ನಮಸ್ಕಾರ ರಿಪೇರಿ ಮಾಡುವ ಮಿಸ್ತ್ರಿ ಯಾರಾದರೂ ಇದ್ದಾರೆಯೇ?