ಗಾರ್ಸೈಡ್ ಪಾರ್ಕಿನ ಒಂದು ಬಕೀಟು ಮಣ್ಣು

ಎಲ್ವಾ ಹಾಬ್ಡೇ ಹುಟ್ಟಿದ ಮನೆಗೂ ಗಾರ್ಸೈಡ್ ಪಾರ್ಕಿಗೂ ನಡುವೆ ಒಂದು ರಸ್ತೆ ಅಡ್ಡ, ಅಷ್ಟೇ. ಮದುವೆಯಾಗಿ ಹೋದದ್ದೂ ಅದೇ ರಸ್ತೆಯಲ್ಲಿ ನಾಲ್ಕು ಮನೆ ಆಚೆಗೆ. ಮೆಲ್ಬರ್ನ್ ಪಟ್ಟಣದ ಪಡುವಣ ಅಂಚಿನ ನಮ್ಮ ಬಡಾವಣೆಯಲ್ಲಿ ಅಷ್ಟು ಕಡಿಮೆ ದೂರ ನಡೆದು ಬಾಳು ಸವೆಸಿದ ಹೆಂಗಸು ಇನ್ನೊಬ್ಬಳಿಲ್ಲ. ವಾರವೆಲ್ಲ ಬಿಸ್ಕತ್ತು ಕಾರ್ಖಾನೆಯಲ್ಲಿ ದುಡಿತ. ಶನಿವಾರ ಬಂತೆಂದರೆ ಪಾರ್ಕಿನ ಫುಟ್‌ಬಾಲ್ ಮೈದಾನದಲ್ಲಿ ಕಿತ್ತಳೆ ಹೆಚ್ಚುವುದು. ಕೊನೆಯ ಬಿಡುವಿನಲ್ಲಿ ಆಟಗಾರರು ಕೆಸರುಗೈಯಲ್ಲೇ ಹೋಳು ಎತ್ತಿ ಬಾಯಿಗೆ ಒತ್ತಿಕೊಂಡು, ಸಿಪ್ಪೆಯನ್ನು ಅವಳ ಕಾಲ ಬಳಿ ಉಗಿದು ಓಡುತ್ತಿದ್ದರು.

"ನಿಮ್ಮಮ್ಮನ ಅಡಿಗೆಮನೇಲೂ ಹಿಂಗೇ ಉಗೀತೀರೇನ್ರೋ?" ಎಂದು ಗದರಿ, ತಾನೇ ಬಗ್ಗಿ ಆಯುತ್ತಿದ್ದಳು. ಹಾಗೆ ಉಗಿದವರಲ್ಲಿ ಒಬ್ಬ ಲಿಂಡ್ಸೆ. ಅವನನ್ನೇ ಕಟ್ಟಿಕೊಂಡಳು.

ಲಿಂಡ್ಸೆಗೆ ಊರಲ್ಲಿ ಒಂದು ಹೆಸರಿತ್ತು, ಒಳ್ಳೆಯ ಹೆಸರೇನಲ್ಲ. ನಮ್ಮ ಆಟದಲ್ಲಿ ಎರಡು ಎತ್ತರದ ಕಂಬಗಳ ನಡುವೆ ಚೆಂಡು ಹಾಯಿಸಬೇಕು. ಕಂಬಕ್ಕೆ ತಾಗಿದರೆ ಸಿಗುವುದು ಪುಡಿ ಅಂಕ. ಫೈನಲ್ ಪಂದ್ಯದ ಕಟ್ಟಕಡೆಯ ಗಳಿಗೆಯಲ್ಲಿ ಅವನು ಒದ್ದ ಚೆಂಡು ಹೋಗಿ ಕಂಬಕ್ಕೇ ಬಡಿಯಿತು. ತಂಡ ಸೋತಿತು. ಆಮೇಲೆ ಅವನ ತಲೆ ನರೆತರೂ ಮೀನು ಕರಿಯುವ ಅಂಗಡಿಯವನು ಬಿಡಲಿಲ್ಲ. "ಬಾಗ್ಲು ಈ ಕಡೆ ಇದೆ ಲಿಂಡ್ಸೆ, ಕಂಬಕ್ಕೆ ಹೊಡ್ಕೋಬೇಡ ಮಾರಾಯ!"

ಸಾಯುವ ಮುಂಚೆ ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತು. "ನನ್ ಬೂದೀನ ಅಲ್ಲೇ ಹಾಕು ಕಣೇ, ನಾನು ನಿಂತು ಒದ್ದ ಜಾಗದಲ್ಲಿ. ಪುರಸೊತ್ತಾಗಿ ಇನ್ನೊಂದ್ ಸಲ ಗುರಿ ನೋಡ್ತೀನಿ."

ಪುರಸಭೆಯವರನ್ನು ಎಲ್ವಾ ಕೇಳಲಿಲ್ಲ. "ಕೇಳಿದ್ರೆ ತಾನೇ ಅವರು ಇಲ್ಲ ಅನ್ನೋದು?" ಎಂದಳು. ಒಂದು ಬೆಳಿಗ್ಗೆ ಫ್ಲಾಸ್ಕಿನಲ್ಲಿ ಟೀ, ಚೀಲದಲ್ಲಿ ಗಂಡನನ್ನು ಇಟ್ಟುಕೊಂಡು ಹೋದಳು. ಬೂದಿಯನ್ನು ತೆಳ್ಳಗೆ ಎರಚಬೇಕು. ಗಾಳಿ ಹೊತ್ತುಕೊಂಡು ಹೋದೀತೆಂಬ ಅಂಜಿಕೆಯಿಂದ ಎಲ್ವಾ ಎಲ್ಲವನ್ನೂ ಒಂದೇ ಕಡೆ ಸುರಿದು ಬೂಟಿನಿಂದ ತುಳಿದು ಬಂದಳು. ಉಪ್ಪುಬೂದಿಗೆ ಹುಲ್ಲು ಬೆಂದು, ರೊಟ್ಟಿ ಹಂಚಿನಷ್ಟು ಅಗಲ ನೆಲ ಬೋಳಾಯಿತು.

ಮೈದಾನ ನೋಡಿಕೊಳ್ಳುವವನು ಟ್ರಾಯ್ಚೆ, ಮ್ಯಾಸಿಡೋನಿಯಾದಿಂದ ಬಂದವನು. ಹಸಿರು ಬಿಟ್ಟು ಬೇರೆ ಬಣ್ಣ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ವರ್ಷ ವರ್ಷವೂ ಆ ಬೋಳಿಗೆ ಬೀಜ ಚೆಲ್ಲಿದ, ಹತ್ತಲಿಲ್ಲ. ಅದು ಯಾರದೋ ಬೂದಿಯೆಂದು ಅವನಿಗೆ ತಿಳಿದಿತ್ತು. ಊರಿನ ಯಾವ ಮೈದಾನದಲ್ಲಾದರೂ ಅಂಥವು ಒಂದೋ ಎರಡೋ ಇರುತ್ತವೆ. ಯಾರದೆಂದು ಮಾತ್ರ ಕೇಳುತ್ತಿರಲಿಲ್ಲ. ಎಲ್ವಾ ಸಂಜೆ ಆ ಕಡೆ ಸುತ್ತಾಡಿ, ಬೋಳಿನ ಪಕ್ಕ ತುಸು ಹೊತ್ತು ನಿಂತು, "ಇವತ್ತು ಚಳಿ" ಎಂದೋ "ಗ್ಯಾಸಿನವನು ಬಂದಿದ್ದ" ಎಂದೋ ಹೇಳಿ ಮನೆಗೆ ಹೋಗುತ್ತಿದ್ದಳು.

ಆಮೇಲೆ ರೈಲಿನವರು ಬಂದರು. ಬೆಳಗಿನ ಗಾಡಿಗಳಲ್ಲಿ ಜನ ಬಾಗಿಲ ಗಾಜಿಗೆ ಮುಖ ಒತ್ತಿಕೊಂಡು ಪಟ್ಟಣಕ್ಕೆ ಹೋಗುತ್ತಿದ್ದ ಕಾಲ ಅದು. ಇನ್ನೂ ಎರಡು ಹಳಿ ಬೇಕು, ರೈಲುಗಳು ತಂಗಲು ಜಾಗ ಬೇಕು, ಹಳಿಗೆ ಹೊಂದಿಕೊಂಡಿರುವುದು ಪಾರ್ಕೇ ಎಂದರು. ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಕ್ಲಬ್ಬಿನ ಕೋಣೆಯಲ್ಲಿ ಸಭೆ ಕರೆದು, ಬ್ರೆಡ್ಡಿನಲ್ಲಿ ಸುಟ್ಟ ಸಾಸೇಜು, ಈರುಳ್ಳಿ ಸುತ್ತಿ ಎಲ್ಲರ ಕೈಗೂ ಕೊಟ್ಟರು. ರೈಲಿನ ಕಡೆಯ ಹೆಂಗಸು ನಯವಾಗಿ ಮಾತಾಡಿದಳು.

"ಮೇಲ್ಮಣ್ಣು ಒಂದು ಹಿಡೀನೂ ಹಾಳಾಗಲ್ಲ. ಕೆರೆದು ರಾಶಿ ಹಾಕಿ, ತೊರೆ ಆಚೆ ಹೊಸ ಮೈದಾನಕ್ಕೆ ಹರಡ್ತೀವಿ."

ಎಲ್ವಾ ಎದ್ದು ನಿಂತಳು. "ರಾಶೀಲಿ ಯಾವ ಮಣ್ಣು ಎಲ್ಲಿಂದ ಬಂತು ಅಂತ ಗುರುತು ಇರ್ತದಾ?"

"ಮಣ್ಣಿಗೆ ಗುರುತು ಯಾಕಮ್ಮ?"

"ಸುಮ್ನೆ ಕೇಳ್ದೆ."

ಅವಳ ಪಕ್ಕದ ಮನೆ ನನ್ನದು. ಹಿಂದಿರುಗುವಾಗ ದಾರಿಯಲ್ಲಿ ನನಗೆ ಹೇಳಿದಳು: "ನಂಗೆ ಪಾರ್ಕು ಬೇಡ, ಪರಿಹಾರ ಬೇಡ. ಅವರು ಬೇಲಿ ಹಾಕೋ ಮುಂಚೆ ಆ ಜಾಗದ್ದು ಒಂದು ಬಕೀಟು ಮಣ್ಣು ಬೇಕು, ಅಷ್ಟೇ."

"ಹಾಗಾದ್ರೆ ಈಗ್ಲೇ ಹೋಗಿ ತಗೊಂಡ್ಬಾ."

"ಇನ್ನೂ ಕೊನೇ ಆಟ ಇದೆಯಲ್ಲ. ಗುಂಡಿಲಿ ಹುಡುಗ್ರು ಕಾಲು ಮುರ್ಕೊಂಡ್ರೆ? ಆಟ ಮುಗೀಲಿ. ಬೋಳು ಎಲ್ಲಿಗೆ ಓಡಿಹೋಗ್ತದೆ?"

ಕೊನೆಯ ಆಟ ಶನಿವಾರ, ಬೇಲಿ ಸೋಮವಾರ. ಆಟದ ದಿನ ಊರಿಗೆ ಊರೇ ನೆರೆದಿತ್ತು. ಎಲ್ವಾ ಕಿತ್ತಳೆ ಹೆಚ್ಚಿದಳು, ಸಿಪ್ಪೆ ಆಯ್ದಳು. ಜನದ ಹಿಂದೆ ನಿಂತವಳಿಗೆ ಮೈದಾನ ಕಾಣಲಿಲ್ಲ. ಆಟ ಮುಗಿದ ಮೇಲೆ ಕುಡಿದ ಹುಮ್ಮಸ್ಸಿನಲ್ಲಿ ಗಂಡಸರು ಕಂಬಗಳನ್ನು ಕೊಯ್ದು ತುಂಡು ತುಂಡಾಗಿ ಹಂಚಿಕೊಂಡರು. ಸಂಜೆಯಿಂದ ಜಡಿಮಳೆ ಹಿಡಿದು ಬಿಳಿ ಗೆರೆಗಳೂ ತೊಳೆದುಹೋದವು.

ಭಾನುವಾರ ಬೆಳಿಗ್ಗೆ ಎಲ್ವಾ ಬಕೀಟು, ಕೈಸಲಿಕೆ ಹಿಡಿದು ನನ್ನನ್ನೂ ಕರೆದುಕೊಂಡು ಹೋದಳು. ಮೈದಾನ ಒಂದೇ ಹಸಿರು. ಬೋಳು ಇಲ್ಲ, ಕಂಬ ಇಲ್ಲ, ಗೆರೆ ಇಲ್ಲ. ಅವಳು ಅತ್ತ ಹೋದಳು, ಇತ್ತ ಬಂದಳು, ನಿಂತಳು.

ಟ್ರಾಯ್ಚೆ ತನ್ನ ಶೆಡ್ಡಿನ ಸಾಮಾನು ಗಾಡಿಗೆ ತುಂಬುತ್ತಿದ್ದವನು ಹತ್ತಿರ ಬಂದ. ಅವನ ಮುಖದಲ್ಲಿ ಹೆಮ್ಮೆಯಿತ್ತು.

"ಹೆಂಗಿದೆ ಎಲ್ವಾ? ಕೊನೇ ಆಟಕ್ಕೆ ಒಂದ್ ಕಲೆ ಇರಬಾರ್ದು ಅಂತ ಸ್ಕೋರು ಹಲಗೆ ಹಿಂದಿನ ಹುಲ್ಲು ಮಣ್ಣು ಸಮೇತ ಕಿತ್ತು ತಂದು ಎಲ್ಲಾ ಬೋಳಿಗೂ ಹೊಲಿಗೆ ಹಾಕ್ದೆ. ನಂಗೇ ಈಗ ಹೊಲಿಗೆ ಕಾಣಲ್ಲ!"

ಎಲ್ವಾ ಬಕೀಟನ್ನು ಕೆಳಗಿಟ್ಟಳು. "ಅಲ್ಲಿ ಲಿಂಡ್ಸೆ ಇದ್ದ."

ಟ್ರಾಯ್ಚೆ ಟೋಪಿ ತೆಗೆದ. "ಅಯ್ಯೋ. ಕಂಬಕ್ಕೆ ಹೊಡೆದ ಲಿಂಡ್ಸೆನಾ?"

"ಹೂಂ. ಅವ್ನೇ."

ಆ ಮನುಷ್ಯ ಮಂಡಿಯೂರಿ ಮಗುವಿನಂತೆ ಅಂಬೆಗಾಲಿಕ್ಕಿ ಹುಡುಕಿದ. ಬೆರಳಿನಿಂದ ಹುಲ್ಲಿನ ಬುಡ ಬಿಡಿಸಿ ನೋಡಿದ. ಕಂಬದ ಮೊಂಡುಗಳ ಮೇಲೂ ಯಾರೋ ಮಣ್ಣು ಎಳೆದು ಮುಚ್ಚಿದ್ದರು. ನಾನೂ ತಡಕಿದೆ. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು. ಕೊನೆಗೆ ಟ್ರಾಯ್ಚೆ ಒಂದು ಕಡೆ ಕೈಯೂರಿದ. "ಇಲ್ಲೇ ಇರ್ಬೇಕು. ಇಲ್ಲೇ ಅನ್ಸುತ್ತೆ."

ಅಗೆದೆವು. ಮಣ್ಣು ಮಣ್ಣಿನಂತೆಯೇ ಇತ್ತು. ಬಕೀಟು ತುಂಬಿದ ಮೇಲೂ ಟ್ರಾಯ್ಚೆ ತಲೆ ಎತ್ತಲಿಲ್ಲ. "ನಿಮ್ಮ ಹಿತ್ಲಲ್ಲಿ ನಿಂಬೆ ಇದೆಯಲ್ಲ, ಅದರ ಬುಡಕ್ಕೆ ಹಾಕಿ. ಬೂದಿ ಇದ್ರೆ ನಿಂಬೆಗೆ ಆಗಲ್ಲ, ಎಲೆ ಹಳದಿ ತಿರುಗ್ತದೆ. ತಿರುಗಿದ್ರೆ ಅವನೇ."

"ಆ ಗಿಡಕ್ಕೆ ಅವನು ಹೊಸಬನಲ್ಲ ಬಿಡು," ಎಂದಳು ಎಲ್ವಾ. "ದಿನಾ ಸಂಜೆ ಬಿಯರ್ ಕುಡಿದು ಅಲ್ಲೇ ಉಚ್ಚೆ ಹೊಯ್ತಿದ್ದ." ನಗಲಿಲ್ಲ. ನಾವೂ ನಗಲಿಲ್ಲ.

ಸೋಮವಾರ ಬೇಲಿ ಬಂತು. ಯಂತ್ರಗಳು ಮೈದಾನವನ್ನು ಕೆರೆದು ಗುಡ್ಡೆ ಹಾಕಿದವು. ಲಾರಿಗಳು ಗುಡ್ಡೆಯನ್ನು ತೊರೆಯಾಚೆ ಸಾಗಿಸಿದವು. ಎಲ್ವಾ ಆ ಕಡೆ ತಿರುಗಿಯೂ ನೋಡಲಿಲ್ಲ. ಬೆಳಿಗ್ಗೆ ಎದ್ದರೆ ಅವಳಿಗೆ ಒಂದೇ ಕೆಲಸ. ಟೀ ಬಟ್ಟಲು ಹಿಡಿದು ನಿಂಬೆಯ ಎಲೆ ಮಗುಚಿ ನೋಡುವುದು. ಗಿಡ ಕೆಡಲೆಂದು ಹೀಗೆ ಕಾಯುವವರನ್ನು ನಾನು ಕಂಡಿರಲಿಲ್ಲ. ನಮ್ಮಿಬ್ಬರ ಹಿತ್ತಿಲ ನಡುವಿನ ಬೇಲಿಯ ಮೇಲಿಂದ ಕೇಳುತ್ತಿದ್ದೆ.

"ಹಳದಿ ಏನಾದ್ರೂ?"

"ಇಲ್ಲ. ಚಿಗುರ್ತಾ ಇದೆ."

ಚಿಗುರಿತು, ಹೂಬಿಟ್ಟಿತು. ಯಾವ ವರ್ಷವೂ ಕಾಣದಷ್ಟು ಕಾಯಿ ಹಿಡಿದು ಕೊಂಬೆಗಳು ನೆಲ ಮುಟ್ಟಿದವು. ಒಂದು ಎಲೆಯೂ ಹಳದಿಯಾಗಲಿಲ್ಲ. ಟ್ರಾಯ್ಚೆ ಒಮ್ಮೆ ಬಂದು ಗಿಡವನ್ನು ನೋಡಿ, ಗೇಟು ಹಾಕಿಕೊಂಡು ಹೋದ.

ಹೊಸ ಹಳಿಯ ಮೇಲೆ ಮೊದಲ ರೈಲು ಓಡಿದ ದಿನ ಎಲ್ವಾ ನನ್ನ ಬಾಗಿಲು ತಟ್ಟಿದಳು. ಕೈಯಲ್ಲಿ ನಿಂಬೆಹಣ್ಣಿನ ಚೀಲಗಳು.

"ತಗೋ. ನಂಗೊಬ್ಳಿಗೆ ಮುಗಿಯಲ್ಲ."

"ಈ ಸಲ ಚೆನ್ನಾಗಿ ಬಿಟ್ಟಿದೆ," ಎಂದುಬಿಟ್ಟೆ.

"ಹೂಂ. ಒಳ್ಳೇ ಮಣ್ಣು," ಎಂದಳು. ರೈಲು ಹಾದುಹೋಗುವ ತನಕ ಮೆಟ್ಟಿಲ ಮೇಲೆ ನಿಂತಿದ್ದು, ಉಳಿದ ಚೀಲಗಳನ್ನು ಎತ್ತಿಕೊಂಡು ಮುಂದಿನ ಮನೆಗೆ ನಡೆದಳು.