ಕೀಲಿ ನುಂಗಿದವನನ್ನು ಎಲ್ಲಿ ನಿಲ್ಲಿಸುವುದು?

ಕಿವಿ ಕೇಳದವರ ಮುಂದೆ ಹಾಡನ್ನು ಕೈಯಿಂದ ಹೇಳುವ ಕೆಲಸಕ್ಕೆ ಒಂದು ಹೆಸರೂ ಇಲ್ಲದಿದ್ದ ಕಾಲದಲ್ಲಿ ಅದನ್ನು ಆರಂಭಿಸಿ, ಮೂವತ್ನಾಲ್ಕು ವರ್ಷ ಅದನ್ನೇ ಬಾಳಾಗಿಸಿಕೊಂಡು, ಈ ತಿಂಗಳು ನಮ್ಮ ಶಾಲೆಯಿಂದ ನಿವೃತ್ತರಾಗುತ್ತಿರುವ ಹಿರಿಯ ಸನ್ನೆ ಅನುವಾದಕಿಯನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತೇವೆ. ಮಕ್ಕಳು ಅವರನ್ನು ಕರೆಯುವ ಬಗೆ ಬೇರೆ: ಎಡ ಮಣಿಕಟ್ಟಿನಿಂದ ಗಡಿಯಾರ ಬಿಚ್ಚುವ ಸನ್ನೆ. ಗಡಿಯಾರದ ಮಿನುಗು ನೋಡುವವರ ಕಣ್ಣಿಗೆ ಅಡ್ಡಿಯಾಗುತ್ತದೆಂದು ಪಾಠಕ್ಕೆ ಮೊದಲು ಅವರು ಅದನ್ನು ಬಿಚ್ಚಿ ಮೇಜಿನ ಮೇಲಿಡುತ್ತಿದ್ದರು; ಅದೇ ಹೆಸರಾಗಿ ನಿಂತಿತು.

ತಂದೆತಾಯಿ ಇಬ್ಬರೂ ಕಿವಿ ಕೇಳದವರಾದ್ದರಿಂದ ಮಾತಿಗೆ ಮೊದಲು ಸನ್ನೆ ಕಲಿತ ಅಕ್ಕ, ನ್ಯಾಯಾಲಯದಲ್ಲಿ, ಆಸ್ಪತ್ರೆಯಲ್ಲಿ, ಮದುವೆಯ ಮಾತುಕತೆಯಲ್ಲಿ ಎಷ್ಟೋ ಜನರಿಗೆ ದನಿಯಾದವರು. ಆದರೂ ಅವರ ಒಲವು ಹಾಡಿನ ಮೇಲೆ. ಅದರಲ್ಲೂ ದುರಾಸೆಯನ್ನು, ಕೆಟ್ಟುಹೋದ ನಡತೆಯನ್ನು ಹಳಿಯುವ ಹಾಡುಗಳ ಮೇಲೆ. "ಬಯ್ಯೋ ಹಾಡು ಹೇಳೋದು ಸುಲಭ ಕಣೇ, ಅದು ಯಾರಿಗೆ ಅಂತ ತೋರಿಸೋದು ಕಷ್ಟ," ಎನ್ನುತ್ತಿದ್ದರು. ಆ ಕಷ್ಟವನ್ನು ನಾನು ಅನುಭವಿಸಿಯೇ ಕಲಿಯಬೇಕಾಯಿತು.

ಹನ್ನೆರಡು ವರ್ಷಗಳ ಹಿಂದೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ ನಾನು ಇಲ್ಲಿಗೆ ಸೇರಿದೆ. ನಮ್ಮ ಮನೆಯಲ್ಲಿ ಆಗ ಕೆಲಸವಿದ್ದವಳು ನಾನೊಬ್ಬಳೇ. ತರಗತಿಯ ಮುಂದೆ ನಿಂತರೆ ಬೆರಳು ನಡುಗುತ್ತಿತ್ತು. "ನಡುಗಲಿ ಬಿಡು, ನೋಡೋರು ಅದನ್ನ ತೊದಲು ಅಂದ್ಕೋತಾರೆ ಅಷ್ಟೆ. ತೊದಲೋರ ಮಾತನ್ನ ಜನ ಇನ್ನೂ ಗಮನ ಇಟ್ಟು ಕೇಳ್ತಾರೆ," ಎಂದು ಅಕ್ಕ ಧೈರ್ಯ ತುಂಬಿದರು.

ಆ ವರ್ಷದ ವಾರ್ಷಿಕೋತ್ಸವಕ್ಕೆ ಅವರು ಒಂದು ಹಾಡನ್ನು ಆರಿಸಿ ನನಗೆ ಒಪ್ಪಿಸಿದರು. ಅದರ ಪಲ್ಲವಿ ಹೀಗಿತ್ತು:

ಊರ ಬಾವಿಗೆ ಬೀಗ ಜಡಿದವ ಕೀಲಿಯನು ನುಂಗಿದ,
ಬಾಯಾರಿ ಬಂದು ಬಾವಿಯ ಕಟ್ಟೆಗೆ ತಾನೇ ಒರಗಿದ.

ಅಭ್ಯಾಸದ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿ ಸನ್ನೆಯಲ್ಲೇ ಕೇಳಿದಳು: "ನುಂಗಿದ ಕೀಲಿ ಮಾರನೇ ದಿನ ಬೆಳಿಗ್ಗೆ ಹೊರಗೆ ಬರಲ್ವಾ?" ತರಗತಿಯೆಲ್ಲ ಮೂಗು ಮುಚ್ಚಿಕೊಂಡು ನಕ್ಕಿತು. ಅಕ್ಕ ನಗಲಿಲ್ಲ. "ಬರುತ್ತೆ. ಆದರೆ ಅವನು ಯಾರಿಗೂ ಹೇಳಲ್ಲ," ಎಂದರು. ದುರಾಸೆಗೆ ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ವ್ಯಾಖ್ಯಾನವನ್ನು ನಾನು ಯಾವ ಗ್ರಂಥದಲ್ಲೂ ಓದಿಲ್ಲ.

ಸನ್ನೆಯಲ್ಲಿ 'ಅವನು' ಎಂದು ಸುಮ್ಮನೆ ಹೇಳಲಾಗದು. ಅವನನ್ನು ಎದುರಿನ ಗಾಳಿಯಲ್ಲಿ ಒಂದು ಕಡೆ ನಿಲ್ಲಿಸಿ ಅತ್ತ ಬೆರಳು ತೋರಬೇಕು. ಖಾಲಿ ಕೊಠಡಿಯಲ್ಲಿ ಅಭ್ಯಾಸ ಮಾಡಿದ ನಾನು ಕೀಲಿ ನುಂಗಿದವನನ್ನು ಬಲಗಡೆ ನಿಲ್ಲಿಸಿದ್ದೆ. "ಆ ದಿನ ಜನ ಕೂತಿರ್ತಾರೆ, ಖಾಲಿ ಜಾಗ ನೋಡಿ ನಿಲ್ಲಿಸು," ಎಂದು ಅಕ್ಕ ಎಚ್ಚರಿಸಿದ್ದರು. ವೇದಿಕೆ ಹತ್ತಿದ ಗಾಬರಿಯಲ್ಲಿ ಅದು ಮರೆತೇಹೋಯಿತು. ಮುಂದಿನ ಸಾಲಿನ ಬಲತುದಿಯಲ್ಲಿ, ದೊಡ್ಡ ಕುರ್ಚಿಯಲ್ಲಿ ಕುಳಿತಿದ್ದವರು ಶಾಲೆಗೆ ಸಭಾಂಗಣ ಕಟ್ಟಿಸಿಕೊಡುವೆನೆಂದು ಮಾತು ಕೊಟ್ಟಿದ್ದ ಅತಿಥಿ. ನನ್ನ ಬೆರಳು ನೇರ ಅವರತ್ತ ಹೋಯಿತು. ಮುನ್ನೂರು ತಲೆಗಳು ಒಟ್ಟಿಗೆ ಅವರ ಕಡೆ ತಿರುಗಿದವು, ನಗು ಉಕ್ಕಿತು. ಪಲ್ಲವಿ ಮರಳಿ ಬಂದಾಗ ಬೆರಳು ಮತ್ತೆ ಅಲ್ಲಿಗೇ ಹೋಯಿತು, ನಗು ಇಮ್ಮಡಿಯಾಯಿತು.

ಕೆಳಗೆ ನಿಂತಿದ್ದ ಅಕ್ಕ ವೇದಿಕೆ ಹತ್ತಿ ನನ್ನ ಪಕ್ಕಕ್ಕೆ ಬಂದರು. ಮೂರನೆಯ ಸಲ ಪಲ್ಲವಿ ಬಂದಾಗ, ಎರಡು ಬೆರಳಲ್ಲಿ ಇರುವೆಯನ್ನು ಎತ್ತುವಂತೆ ಆ ಕುರ್ಚಿಯ ಕಡೆಯಿಂದ 'ಅವನನ್ನು' ಎತ್ತಿ, ತಂದು, ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಆಮೇಲೆ ಕೀಲಿಯನ್ನು ನುಂಗಿದ್ದು ಅವರ ಗಂಟಲು. ಬಾವಿಕಟ್ಟೆಗೆ ಒರಗಿದ್ದು ಅವರ ಹಣೆ. ಸಭೆಯ ನಗು ತಾನಾಗಿ ಇಳಿಯಿತು. ಆ ಹಾಡು ಯಾರನ್ನು ಕುರಿತದ್ದೆಂದು ಅಂದು ಎಲ್ಲರಿಗೂ, ನನಗೂ, ತಿಳಿಯಿತು.

ಅತಿಥಿಗಳ ಚಾಲಕನಿಗೆ ಸನ್ನೆ ಬರುತ್ತಿತ್ತು. ಜನ ನಕ್ಕದ್ದೇಕೆಂದು ಅವನೇ ತಿಳಿಸಿದ. "ಕೊಡೋಕೆ ಬಂದವನನ್ನೇ ಕಳ್ಳ ಮಾಡಿದ್ರಲ್ಲ!" ಎಂದವರೇ ಅವರು ಹೊರಟುಹೋದರು.

ಶಾಲೆಯ ಕಾರ್ಯದರ್ಶಿಗಳು ಕೆಂಡವಾಗಿದ್ದರು. "ನಾಳೆಯಿಂದ ಈ ಹುಡುಗಿ ಬೇಡ."

"ಹಾಡು ಆರಿಸಿದ್ದು ನಾನು, ಕಲಿಸಿದ್ದು ನಾನು, ಕುರ್ಚಿ ಹಾಕಿಸಿದ್ದು ನೀವು," ಎಂದರು ಅಕ್ಕ. "ಕಳಿಸೋದಾದ್ರೆ ನನ್ನಿಂದ ಶುರು ಮಾಡಿ."

"ನಿಮ್ಮನ್ನ ಕಳಿಸಿದ್ರೆ ಶಾಲೆ ನಡೆಯುತ್ತಾ ತಾಯಿ?"

"ಹಾಗಾದ್ರೆ ಇವಳೂ ಇರ್ತಾಳೆ. ಟೀ ಆರ್ತಾ ಇದೆ, ಕುಡೀರಿ."

ಸಂಜೆ ಗೇಟಿನ ಬಳಿ ಅಕ್ಕ ನನ್ನನ್ನು ಒಂದೇ ಒಂದು ಮಾತು ಕೇಳಿದರು. "ಕೈ ತಾನಾಗಿ ಹೋಯ್ತಾ, ನೀನೇ ಕಳಿಸಿದ್ಯಾ?"

"ತಾನಾಗಿ ಹೋಯ್ತು ಅಕ್ಕ."

ಅವರು ನನ್ನ ಮುಖ ನೋಡಿ, ಗಡಿಯಾರ ಕಟ್ಟಿಕೊಂಡು, "ಸರಿ, ನಾಳೆ ಬೇಗ ಬಾ," ಎಂದರು.

ಸಭಾಂಗಣ ಬರಲಿಲ್ಲ. ಅಂದಿನಿಂದ ಇಂದಿನವರೆಗೂ ಅಕ್ಕ ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋಗಿ, ಹಾಡಿನ ಪಾಠ ಮಾಡಿದರು. ಆ ದಿನದ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ನನ್ನ ಕೆಲಸ ಖಾಯಂ ಆದ ದಿನ ಮಕ್ಕಳಿಂದ ನನಗೊಂದು ಹೆಸರನ್ನೂ ಕೊಡಿಸಿದರು: ನಡುಗುವ ಬೆರಳು. ಅದನ್ನು ನಾನು ಹೆಮ್ಮೆಯಿಂದ ಧರಿಸಿದ್ದೇನೆ.

ಅಭಿನಂದನೆಯ ಪುಟದಲ್ಲಿ ಹೊಗಳಿಕೆಯಷ್ಟೇ ಇರಬೇಕೆಂಬುದನ್ನು ಬಲ್ಲೆ. ಆದರೂ ಅಕ್ಕ, ನಿಮ್ಮ ಪ್ರಶ್ನೆಗೆ ಅಂದು ನಾನು ಪೂರ್ತಿ ಉತ್ತರ ಕೊಟ್ಟಿರಲಿಲ್ಲ. ಮೊದಲ ಸಲ ಕೈ ತಾನಾಗಿಯೇ ಹೋಯಿತು. ಎರಡನೆಯ ಸಲ, ಆ ನಗು ಇನ್ನೊಮ್ಮೆ ಬೇಕೆನಿಸಿ, ನಾನೇ ಕಳಿಸಿದೆ. ಹನ್ನೆರಡು ವರ್ಷ ನಾನು ಯಾರಿಗೂ ಹೇಳದ ಕೀಲಿ ಇದು. ನಿಮಗೆ ಅಂದೇ ಗೊತ್ತಿತ್ತೆಂದು ತೋರುತ್ತದೆ. ಗೊತ್ತಿದ್ದೂ, ಅವನನ್ನು ಎತ್ತಿ ಪಕ್ಕದಲ್ಲೇ ಇದ್ದ ನನ್ನ ಎದೆಯ ಮೇಲೆ ಇಡದೆ ನಿಮ್ಮ ಎದೆಯ ಮೇಲೆ ಇಟ್ಟುಕೊಂಡಿರಿ.

ನಿಮ್ಮ ಕೈಗಳಿಗೆ ದಣಿವು ಬಾರದಿರಲಿ, ಕಣ್ಣು ಮಂಜಾಗದಿರಲಿ, ನೀವು ಬರೆಯುತ್ತಿರುವ ಹಾಡಿನ ಸನ್ನೆಗಳ ಚಿತ್ರಪುಸ್ತಕ ಮುಗಿದು ಇನ್ನೊಂದು ಶುರುವಾಗುವಷ್ಟು ದೀರ್ಘವಾದ ಆಯಸ್ಸು ನಿಮ್ಮದಾಗಲಿ. ಬಾವಿಯ ಹಾಡಿನ ಪುಟಕ್ಕೆ ಬಂದಾಗ ನನ್ನನ್ನು ಕರೆಯಿರಿ. ಚಿತ್ರಕ್ಕೆ ನಾನು ನಿಲ್ಲುತ್ತೇನೆ. ಈ ಸಲ ಅವನನ್ನು ನನ್ನ ಎದೆಯ ಮೇಲೆ ಇಟ್ಟುಕೊಳ್ಳುತ್ತೇನೆ.